ಘಮಕ್ಕೆ ಯಾಕೆ ಮದ್ದಿನ ಚೀಟಿ?

ಕಂದು ಗಾಜಿನ ಪುಟ್ಟ ಸೀಸೆ, ಕರಿ ಮುಚ್ಚಳ, ಒಳಗೆ 10 ಮಿಲಿಲೀಟರ್ ಎಣ್ಣೆ. ಲ್ಯಾವೆಂಡರ್ ಆದರೆ ಮನಶ್ಶಾಂತಿಗೆ, ನಿಂಬೆಯಾದರೆ ಉಲ್ಲಾಸಕ್ಕೆ, ಶ್ರೀಗಂಧವಾದರೆ ಧ್ಯಾನಕ್ಕೆ, ರೋಸ್‌ಮೇರಿಯಾದರೆ ನೆನಪಿನ ಶಕ್ತಿಗೆ. ಔಷಧಿ ಅಂಗಡಿಯಲ್ಲಿ ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪು ಬೇರೆ ಬೇರೆ ಖಾನೆಯಲ್ಲಿ ಕೂತಿರುವ ಹಾಗೆ ಇಲ್ಲಿ ಒಂದೊಂದು ಮನಃಸ್ಥಿತಿಗೆ ಒಂದೊಂದು ಸೀಸೆ. ಎರಡು ಹನಿಯನ್ನು ಘಮ ಹರಡುವ ಡಿಫ್ಯೂಸರಿಗೆ ಹಾಕಿ, ಇಲ್ಲವೇ ದಿಂಬಿನ ಮೂಲೆಗೆ ಸವರಿ, ಒತ್ತಡ ಇಳಿಯುತ್ತದೆ ಎನ್ನುತ್ತಾರೆ ಮಾರುವವರು. ಕೊಂಡವರಲ್ಲಿ ಅನೇಕರು ‘ಹೌದು, ಇಳಿಯಿತು’ ಎಂದು ಸಾಕ್ಷಿ ಹೇಳುತ್ತಾರೆ. ಇತ್ತ ನಮ್ಮ ವಿಚಾರವಾದಿ ಮಿತ್ರರು ‘ಇದೆಲ್ಲ ಪ್ಲಸೀಬೊ, ಬರೀ ಭ್ರಮೆ’ ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುತ್ತಾರೆ.

ಇಬ್ಬರ ಮೇಲೂ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಇವರು ಮೇಲ್ನೋಟಕ್ಕೆ ಬದ್ಧವಿರೋಧಿಗಳು. ಆದರೆ ಒಳಗೊಳಗೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದುಬಿಟ್ಟಿದ್ದಾರೆ. ಪರಿಮಳಕ್ಕೆ ಬೆಲೆ ಬರಬೇಕಾದರೆ ಅದು ಔಷಧಿಯಾಗಿರಬೇಕು ಎಂಬುದು ಆ ಒಮ್ಮತ. ಒಬ್ಬರು ಅದು ಔಷಧಿ ಎನ್ನುತ್ತಾರೆ, ಆದ್ದರಿಂದ ಕೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ಔಷಧಿಯಲ್ಲ ಎನ್ನುತ್ತಾರೆ, ಆದ್ದರಿಂದ ಬಿಸಾಡಿ ಅನ್ನುತ್ತಾರೆ. ಪರಿಮಳ ಮನಸ್ಸನ್ನು ತಟ್ಟುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಅದು ತಟ್ಟುವುದು ಬಹುಮಟ್ಟಿಗೆ ಸುಖದ ದಾರಿಯಲ್ಲಿ, ನೆನಪಿನ ದಾರಿಯಲ್ಲಿ. ಹಾಗಿರುವಾಗ ಯಾರಿಗೆ ಯಾವ ಸೀಸೆ ಎಂದು ಕಂಪನಿ ಬರೆದುಕೊಡುವುದು ಆಗದ ಮಾತು.

ಮಾರುವವರು ಆಡುವ ‘ಪ್ರಾಚೀನ ಚಿಕಿತ್ಸೆ’ ಎಂಬ ಮಾತನ್ನು ಮೊದಲು ನೋಡೋಣ. ಈ ಘಮದ ಚಿಕಿತ್ಸೆಗೆ ಇರುವ ಅರೋಮಾಥೆರಪಿ ಎಂಬ ಹೆಸರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅದನ್ನು ಇಟ್ಟವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ-ಮೌರಿಸ್ ಗಾಟ್‌ಫೊಸೆ. ಅದೇ ಹೆಸರಿನ ಅವರ ಪುಸ್ತಕ 1937ರಲ್ಲಿ ಬಂತು. ಅವರ ಕೈ ಸುಟ್ಟ ಪ್ರಸಂಗ ಈಗ ಈ ಕ್ಷೇತ್ರದ ಸ್ಥಳಪುರಾಣವೇ ಆಗಿದೆ. 1910ರಲ್ಲಿ ಪ್ರಯೋಗಾಲಯದಲ್ಲಿ ಸ್ಫೋಟವಾಯಿತಂತೆ, ಉರಿ ತಾಳಲಾರದೆ ಪಕ್ಕದ ಲ್ಯಾವೆಂಡರ್ ಎಣ್ಣೆಯ ಪಾತ್ರೆಗೆ ಕೈ ಅದ್ದಿದರಂತೆ, ಉರಿ ಹೋಗಿ ಕಲೆಯೂ ಉಳಿಯಲಿಲ್ಲವಂತೆ. ಸ್ವತಃ ಅವರು ಬರೆದಿಟ್ಟದ್ದು ಬೇರೆ. ಮೈಗೆ ಹತ್ತಿದ ಬೆಂಕಿಯನ್ನು ಹುಲ್ಲಿನ ಮೇಲೆ ಹೊರಳಾಡಿ ಆರಿಸಿಕೊಂಡರು. ಆಮೇಲೆ ಗಾಯದಲ್ಲಿ ಗ್ಯಾಂಗ್ರೀನ್ ಹಬ್ಬತೊಡಗಿದಾಗ ಲ್ಯಾವೆಂಡರ್ ಸಾರದಿಂದ ತೊಳೆದುಕೊಂಡರು, ಅದು ಹತೋಟಿಗೆ ಬಂತು. ಅಂದರೆ ಇದು ಗಾಯದ ನಂಜಿನ ಕಥೆ. ಪೆನಿಸಿಲಿನ್ ಇನ್ನೂ ಬಂದಿರದ ಕಾಲದಲ್ಲಿ ನಂಜು ತಡೆಯುವ ವಸ್ತುವಿಗಾಗಿ ನಡೆದ ಹುಡುಕಾಟ. ಮನಸ್ಸು, ಒತ್ತಡ, ಮೂಡು ಯಾವುದೂ ಅಲ್ಲಿಲ್ಲ. ಅವರ ನಂತರ ಈ ದಾರಿ ಹಿಡಿದ ಜಾನ್ ವಾಲ್ನೆ ಫ್ರೆಂಚ್ ಸೇನೆಯ ಶಸ್ತ್ರವೈದ್ಯರು, ಅವರ ಲಕ್ಷ್ಯವೂ ಗಾಯದ ಮೇಲೆಯೇ. ಎಣ್ಣೆಗಳನ್ನು ತೆಳುಮಾಡಿ ಮಾಲೀಸಿಗೆ, ಸೌಂದರ್ಯದ ಆರೈಕೆಗೆ ತಂದವರು ಮಾರ್ಗರೀಟ್ ಮೌರಿ, 1960ರ ಆಸುಪಾಸಿನಲ್ಲಿ. ಆಸ್ಪತ್ರೆಯಿಂದ ಬ್ಯೂಟಿ ಪಾರ್ಲರಿಗೆ ಬಂದ ಮೇಲೆ ಎಣ್ಣೆ ಗಾಯವನ್ನು ಬಿಟ್ಟು ಮನಸ್ಸನ್ನು ಹಿಡಿಯಿತು.

‘ಫ್ರಾನ್ಸಿನವರ ಕಥೆ ಬಿಡಿ, ನಮ್ಮಲ್ಲಿ ಇದು ಮೊದಲೇ ಇತ್ತು’ ಎನ್ನುವವರೂ ಇದ್ದಾರೆ. ಏನಿತ್ತು ಎಂದು ನೋಡಬೇಕು. ಆಯುರ್ವೇದದ ತೈಲಗಳು ಬಹುಪಾಲು ಎಳ್ಳೆಣ್ಣೆಯಲ್ಲಿ ಬೇರು, ತೊಗಟೆ, ಕಷಾಯ ಹಾಕಿ ಕಾಯಿಸಿದವು. ಹಬೆಯಲ್ಲಿ ಇಳಿಸಿ ಸೀಸೆಗೆ ತುಂಬಿದ ಸಾರ ಬೇರೆಯೇ ವಸ್ತು. ಚಂದನದ ಲೇಪ, ಧೂಪ ವೈದ್ಯದಲ್ಲಿ ಇದ್ದವು, ನಿಜ. ಆದರೂ ಸುಗಂಧವೆಂಬ ವಿದ್ಯೆಯನ್ನು ನಮ್ಮ ಹಿಂದಿನವರು ಎಲ್ಲಿ ಇಟ್ಟಿದ್ದರು ಎಂಬುದು ಕುತೂಹಲದ ಸಂಗತಿ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಸುಗಂಧ ತಯಾರಿಗೆ ಒಂದು ಅಧ್ಯಾಯ ಮೀಸಲಾಗಿದೆ, ವೈದ್ಯಕ್ಕೆ ಬೇರೆಯೇ ಜಾಗ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಇನ್ನೂ ಸ್ಪಷ್ಟ. ಸ್ನಾನ, ವಿಲೇಪನ, ಧೂಪ ಎಲ್ಲವೂ ಅಲ್ಲಿ ಬರುವುದು ಉಪಭೋಗಗಳ ಸಾಲಿನಲ್ಲಿ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕೂತು ರಾಜ್ಯ ಆಳುತ್ತಿದ್ದವನಿಗೆ ಒತ್ತಡ ಕಮ್ಮಿಯೇನೂ ಇದ್ದಿರಲಾರದು. ಆದರೂ ಕೋಣೆಗೆ ಧೂಪ ಹಾಕಿಸಿಕೊಳ್ಳಲು ಆ ದೊರೆಗೆ ಆರೋಗ್ಯದ ನೆಪ ಬೇಕಾಗಲಿಲ್ಲ. ನಮಗೆ ಬೇಕಾಗಿದೆ. ದುಡ್ಡು ಕೊಟ್ಟು ಸುಖಪಡಲು ಮಧ್ಯಮವರ್ಗಕ್ಕೆ ಎಂಥದೋ ಸಂಕೋಚ. ಅದೇ ವಸ್ತುವಿಗೆ ಥೆರಪಿ ಅಂದರೆ ಸಂಕೋಚ ಕಳೆಯುತ್ತದೆ, ಖರ್ಚು ಕರ್ತವ್ಯವಾಗುತ್ತದೆ.

ಇನ್ನು ವಿಜ್ಞಾನದ ಮಾತು. ಸೀಸೆ ಮಾರುವವರು ತಪ್ಪದೆ ಹೇಳುವ ಸಂಗತಿಯೊಂದಿದೆ, ಅದು ಸುಳ್ಳಲ್ಲ. ಕಣ್ಣು, ಕಿವಿ, ಚರ್ಮ ಕಳಿಸುವ ಸುದ್ದಿ ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ಮೂಗಿನ ಸುದ್ದಿಗೆ ಆ ಸುತ್ತುದಾರಿ ಇಲ್ಲ. ಭಾವನೆ, ಭಯ, ನೆನಪುಗಳ ಜಾಗಕ್ಕೆ ಅದು ಬಹಳ ಬೇಗ ಮುಟ್ಟುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಿಗಳು ಸುಮಾರು 400 ಬಗೆ. ಈ ಗ್ರಾಹಿಗಳ ವಂಶವಾಹಿಗಳನ್ನು ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಎಲ್ಲ ಸರಿ. ಆದರೆ ಇದರಿಂದ ಸಿದ್ಧವಾಗುವುದು ಇಷ್ಟೇ: ವಾಸನೆ ಭಾವನೆಯನ್ನು ಬೇಗ ಕೆದಕುತ್ತದೆ. ಯಾವ ಭಾವನೆಯನ್ನು ಎಂಬುದು ಇದರಿಂದ ಗೊತ್ತಾಗುವುದಿಲ್ಲ. ಆ ಬೇಗದ ದಾರಿಯಲ್ಲಿ ಶಾಂತಿ ಎಷ್ಟು ಸಲೀಸಾಗಿ ಬರುತ್ತದೋ ಕಳವಳವೂ ಅಷ್ಟೇ ಸಲೀಸಾಗಿ ಬರುತ್ತದೆ.

ಲ್ಯಾವೆಂಡರಿನಲ್ಲಿ ಶಾಂತಿ ತರುವ ಅಣು ಎಂದು ಹೆಸರು ಪಡೆದದ್ದು ಲಿನಾಲೂಲ್. ನಮ್ಮ ಕೊತ್ತಂಬರಿ ಬೀಜದಿಂದ ಇಳಿಸಿದ ಸಾರದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದೂ ಅದೇ ಲಿನಾಲೂಲ್. ಅದು ಮೂಗಿಗೆ ಬಿದ್ದ ಮಾತ್ರಕ್ಕೆ ಶಾಂತಿ ಬರುವುದಾದರೆ ಸಾರಿನಪುಡಿಗೆ ಹುರಿಯುವ ಹೊತ್ತಿನಲ್ಲಿ ನಮ್ಮ ಅಡುಗೆಮನೆಗಳೆಲ್ಲ ಆಶ್ರಮಗಳಾಗಬೇಕಿತ್ತು. ಅಲ್ಲಿ ಒಣಮೆಣಸಿನಕಾಯಿಯ ಘಾಟೂ ಇರುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪಿದೆ.

ಗೇಲಿ ಬದಿಗಿಟ್ಟು ಹೇಳುವುದಾದರೆ ನನ್ನ ವಾದಕ್ಕೆ ಎದುರಾಗುವ ಒಂದು ಪ್ರಯೋಗವೂ ಇದೆ. ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದು. ಇಲಿಗಳಿಗೆ ಲಿನಾಲೂಲಿನ ವಾಸನೆ ಕೊಟ್ಟಾಗ ಅವುಗಳ ಅಂಜಿಕೆ ಕಡಿಮೆಯಾಯಿತು. ವಾಸನೆ ತಿಳಿಯದಂತೆ ಮಾಡಿದ್ದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಇಲಿಗೆ ಲ್ಯಾವೆಂಡರ್ ತೋಟದ ನೆನಪಿಲ್ಲ, ಸ್ಪಾದ ನೆನಪಂತೂ ಇಲ್ಲವೇ ಇಲ್ಲ. ಹಾಗಾಗಿ ಎಲ್ಲವೂ ನೆನಪಿನ ಆಟ ಎಂದು ನಾನು ಹಟ ಹಿಡಿಯಲಾರೆ. ಒಂದಿಷ್ಟು ಅಣುವಿನ ಪಾಲೂ ಇದೆ. ಆದರೆ ಪೆಟ್ಟಿಗೆಯಲ್ಲಿ ಕೂತ ಇಲಿಗೂ ಸಾಲದ ಕಂತು, ಅಪ್ಪನ ಆಪರೇಷನ್ನು, ಮ್ಯಾನೇಜರನ ಮೇಲ್ ಎಲ್ಲ ತಲೆಯಲ್ಲಿಟ್ಟುಕೊಂಡು ಮಲಗುವ ಮನುಷ್ಯನಿಗೂ ಅಂತರ ದೊಡ್ಡದು. ಆ ಅಂತರವನ್ನು ಎರಡು ಹನಿಯಿಂದ ತುಂಬುವುದು ಜಾಹೀರಾತಿಗೆ ಮಾತ್ರ ಸಾಧ್ಯ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಮೊದಲ ತೊಡಕೇ ಮೂಗು. ಮಾತ್ರೆಯಾದರೆ ನಿಜದ್ದು ಯಾವುದು, ಸಕ್ಕರೆಯದು ಯಾವುದು ಎಂದು ರೋಗಿಗೆ ತಿಳಿಯದಂತೆ ಕೊಡಬಹುದು. ಘಮವನ್ನು ಬಚ್ಚಿಡುವುದು ಹೇಗೆ? ಮೂಸಿದವರಿಗೆ ಗೊತ್ತಾಗಿಯೇ ಆಗುತ್ತದೆ. ಈ ತೊಡಕನ್ನು ಜಾಣತನದಿಂದ ಎದುರಿಸಿದ್ದು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅವರ ತಂಡ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 56 ಮಂದಿ ಆರೋಗ್ಯವಂತರಿಗೆ ನಿಂಬೆ, ಲ್ಯಾವೆಂಡರ್ ಮತ್ತು ಬರೀ ನೀರನ್ನು ಮೂಸಲು ಕೊಟ್ಟರು. ಕೆಲವರಿಗೆ ಇಂಥದ್ದರಿಂದ ಇಂಥ ಪರಿಣಾಮ ನಿರೀಕ್ಷಿಸಿ ಎಂದು ಮೊದಲೇ ತಿಳಿಸಿದರು, ಉಳಿದವರಿಗೆ ಏನನ್ನೂ ಹೇಳಲಿಲ್ಲ. ಪಾದವನ್ನು ಕೊರೆಯುವ ನೀರಿನಲ್ಲಿ ಇರಿಸಿ ನೋವು ಅಳೆದರು. ಚರ್ಮದ ಮೇಲೆ ಟೇಪು ಅಂಟಿಸಿ ಕಿತ್ತು ಅದು ಎಷ್ಟು ಬೇಗ ಸರಿಹೋಗುತ್ತದೆಂದು ನೋಡಿದರು. ಒತ್ತಡದ ಹಾರ್ಮೋನುಗಳನ್ನು ಅಳೆದರು. ನಿಂಬೆಯ ವಾಸನೆಯಿಂದ ಜನರ ಮನಸ್ಸು ಹಗುರವಾಯಿತು. ಶಾಂತಿಯ ರಾಣಿ ಎನಿಸಿಕೊಂಡ ಲ್ಯಾವೆಂಡರಿನಿಂದ ಅಂಥದ್ದೇನೂ ಆಗಲಿಲ್ಲ. ನೋವು, ಚರ್ಮ, ಒತ್ತಡದ ಹಾರ್ಮೋನು ಇವುಗಳಲ್ಲಿ ಎರಡೂ ಎಣ್ಣೆಗಳಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಶ್ರೀಗಂಧದ ವಿಷಯದಲ್ಲಂತೂ ನಾವು, ಅಂದರೆ 1916ರಲ್ಲೇ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಕಟ್ಟಿಕೊಂಡ ನಾಡಿನವರು, ಸ್ವಲ್ಪ ನಿಂತು ಯೋಚಿಸಬೇಕು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರ ಕಳಿಸುವುದು ನಿಂತು, ಕೊರಡುಗಳು ರಾಶಿಬಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಎಣ್ಣೆ ಇಳಿಸುವ ಕೆಲಸ ಇಲ್ಲೇ ಶುರುವಾಯಿತು. ಆ ಎಣ್ಣೆಯ ಘಮ ನಮಗೆ ದೇವರಮನೆ, ಸ್ನಾನ, ತಂಪು. ಮನಸ್ಸು ತಣ್ಣಗಾಗುವುದು ಸಹಜವೆನಿಸುತ್ತದೆ. ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಇದೇ ಗಂಧದೆಣ್ಣೆಯನ್ನು ಅಲ್ಲಿನವರಿಗೆ ಮೂಸಲು ಕೊಟ್ಟು ನಾಡಿ, ರಕ್ತದೊತ್ತಡ, ಚರ್ಮದ ವಾಹಕತೆ ಅಳೆದರು. ದೇಹದ ಎಚ್ಚರದ ಮಟ್ಟ ಏರಿತ್ತು, ಇಳಿದಿರಲಿಲ್ಲ. ಮೈಸೂರಿನ ಮೂಗಿಗೂ ವಿಯೆನ್ನಾದ ಮೂಗಿಗೂ ಮುಟ್ಟುವುದು ಗಂಧದೆಣ್ಣೆಯ ಅದೇ ಅಣು, ಸ್ಯಾಂಟಲಾಲ್. ಹಿಂದಿರುವ ಬದುಕು ಬೇರೆ.

ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ನಮ್ಮ ನೋವಿನ ಮುಲಾಮುಗಳಲ್ಲಿ ಇರುವ ವಿಂಟರ್‌ಗ್ರೀನ್ ವಾಸನೆ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ವಾಸನೆಗಳ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಅದು ತೀರ ಬೇಡವಾದವುಗಳ ಸಾಲಿನಲ್ಲಿತ್ತು. ಮುಂದಿನ ದಶಕದಲ್ಲಿ ಅಮೆರಿಕದಲ್ಲಿ ಕೇಳಿದಾಗ ಬಹಳ ಇಷ್ಟವಾದವುಗಳ ಸಾಲಿನಲ್ಲಿ. ಬ್ರಿಟಿಷರಿಗೆ ಅದು ಔಷಧಿಯ ವಾಸನೆ, ಅಮೆರಿಕದವರಿಗೆ ಮಿಠಾಯಿಯದು. ಲವಂಗದ ಯೂಜಿನಾಲ್ ಕಥೆಯೂ ಹೀಗೇ. ಹಲ್ಲಿನ ಡಾಕ್ಟರು ಬಳಸುವ ಸಿಮೆಂಟಿನಲ್ಲಿ ಅದಿರುತ್ತದೆ. ಹಲ್ಲಿನ ಚಿಕಿತ್ಸೆಗೆ ಹೆದರುವವರಿಗೆ ಆ ವಾಸನೆ ಕೊಟ್ಟಾಗ ಅವರ ದೇಹ ಭಯದ ಲಕ್ಷಣ ತೋರಿಸಿದ್ದನ್ನು ಫ್ರಾನ್ಸಿನ ಸಂಶೋಧಕರು ದಾಖಲಿಸಿದ್ದಾರೆ. ಹೆದರದವರಲ್ಲಿ ಹಾಗಾಗಲಿಲ್ಲ. ನಮ್ಮ ಮನೆಗಳಿಗೇ ಬನ್ನಿ. ಸುಗಂಧರಾಜದ ಹಾರ ಮದುವೆಗೂ ಬರುತ್ತದೆ, ಹೆಣಕ್ಕೂ ಬೀಳುತ್ತದೆ. ಊದುಬತ್ತಿ ದೇವರ ಮುಂದೆಯೂ ಉರಿಯುತ್ತದೆ, ತೀರಿಕೊಂಡವರ ತಲೆದೆಸೆಯಲ್ಲೂ ಉರಿಯುತ್ತದೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಮಗುವಿಗೆ ಊದುಬತ್ತಿಯ ಘಮ ಮುಂದೆ ಏನನ್ನು ತರುತ್ತದೆಂದು ಡಬ್ಬಿಯ ಮೇಲೆ ‘ಮನಶ್ಶಾಂತಿಗೆ’ ಎಂದು ಮುದ್ರಿಸಿದವನಿಗೆ ತಿಳಿದೀತೆ?

ವಿಚಾರವಾದಿ ಮಿತ್ರರಿಗೂ ಒಂದು ಮಾತು ಬಾಕಿಯಿದೆ. ಲ್ಯಾವೆಂಡರಿನಲ್ಲಿ ಏನೂ ಇಲ್ಲ ಎನ್ನುವುದು ಆತುರದ ತೀರ್ಪು. ಜರ್ಮನಿಯಲ್ಲಿ ನಿಗದಿತ ಗುಣಮಟ್ಟದ ಲ್ಯಾವೆಂಡರ್ ಎಣ್ಣೆಯನ್ನು 80 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ನುಂಗಿಸಿ ಆತಂಕದ ಕಾಯಿಲೆ ಇರುವವರ ಮೇಲೆ ಹಲವು ಪರೀಕ್ಷೆಗಳು ನಡೆದಿವೆ, ಫಲಿತಾಂಶ ಭರವಸೆಯದಾಗಿದೆ. ಅವುಗಳಲ್ಲಿ ಹೆಚ್ಚಿನವಕ್ಕೆ ತಯಾರಕರದೇ ಹಣ ಎಂಬುದನ್ನು ಮರೆಯಬಾರದು. ನುಂಗಿದವರಿಗೆ ಲ್ಯಾವೆಂಡರಿನ ತೇಗು ಬರುವುದರಿಂದ ಅಲ್ಲಿಯೂ ಗುಟ್ಟು ಪೂರ್ತಿ ಉಳಿಯುವುದಿಲ್ಲ. ಇಷ್ಟಾದರೂ ಅದು ಅಳತೆಯಿರುವ ಔಷಧಿ, ಮೂಸುವ ಸೀಸೆಯಲ್ಲ. ಅದರ ಕೀರ್ತಿಯನ್ನು ಡಿಫ್ಯೂಸರಿಗೆ ದಾಟಿಸುವುದು ಅನ್ಯಾಯ. ಅಂಗಡಿಯಿಂದ ತಂದ ಸೀಸೆಯನ್ನು ಬಾಯಿಗೆ ಹಾಕಿಕೊಳ್ಳುವುದು ಅಪಾಯ.

‘ಸರಿ, ಮದ್ದಲ್ಲ ಅಂತಲೇ ಇಟ್ಟುಕೊಳ್ಳೋಣ, ಹಾನಿಯೇನು?’ ಎಂದು ಕೇಳುವವರು ಬಹಳ. ಹಾನಿ ಘಮದಿಂದ ಬರುವುದು ಕಡಿಮೆ. ಥೆರಪಿ ಎಂಬ ಹಣೆಪಟ್ಟಿ ಕೊಡುವ ಧೈರ್ಯದಿಂದ ಬರುವುದು ಹೆಚ್ಚು. ನೀಲಗಿರಿ ಎಣ್ಣೆಯನ್ನೇ ತೆಗೆದುಕೊಳ್ಳಿ. ನೆಗಡಿಯಾದರೆ ಕರ್ಚೀಪಿಗೆ ಹನಿಸಿ ಮೂಸುವುದು ನಮ್ಮಲ್ಲಿ ರೂಢಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು 2017ರಲ್ಲಿ ಪ್ರಕಟಿಸಿದ ವರದಿಯೊಂದು ನೀಲಗಿರಿ ಎಣ್ಣೆ ಮೂಸಿದ ಮೇಲೆ ಫಿಟ್ಸ್ ಬಂದವರ ಬಗ್ಗೆ. ಕರ್ಪೂರಕ್ಕೂ ಈ ಗುಣವುಂಟು. ಮೂರ್ಛೆರೋಗ ಇರುವವರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಊದುಬತ್ತಿ ಹಚ್ಚಿದಾಗ ಕೆಮ್ಮು ಬಂದರೆ ಕಿಟಕಿ ತೆಗೆಯುತ್ತೇವೆ. ಥೆರಪಿಯ ಹೊಗೆ ಬಂದಾಗ ಕೆಮ್ಮಿದರೆ ‘ಒಳಗಿನ ವಿಷ ಹೊರಬರುತ್ತಿದೆ’ ಎಂದು ಸಮಾಧಾನ ಹೇಳುವವರಿದ್ದಾರೆ. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಎಬೋಲಾಕ್ಕೂ ತಮ್ಮ ಎಣ್ಣೆ ಮದ್ದು ಎಂಬ ಪ್ರಚಾರದ ಕಾರಣಕ್ಕೆ ಅಲ್ಲಿನ ದೊಡ್ಡ ಎಣ್ಣೆ ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು. ಮನಸ್ಸು ಹಗುರ ಎಂಬಲ್ಲಿಂದ ಎಬೋಲಾದವರೆಗೆ ಹೋಗಲು ನಡುವೆ ತಡೆಯೇ ಇಲ್ಲ.

2021ರ ಘಟನೆ ಇನ್ನೂ ದಾರುಣ. ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಹೆಸರಿನ, ಭಾರತದಲ್ಲಿ ತಯಾರಾದ ಒಂದು ಅರೋಮಾಥೆರಪಿ ಸ್ಪ್ರೇಯಲ್ಲಿ ಮೆಲಿಯಾಯ್ಡೊಸಿಸ್ ತರುವ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ರೋಗ ಬಂದು ಇಬ್ಬರು ಸತ್ತರು. ನಮ್ಮ ಕರಾವಳಿಯ ವೈದ್ಯರಿಗೆ ಇದು ಪರಿಚಿತ ರೋಗ, ಅಲ್ಲಿನವರಿಗೆ ಅಪರೂಪದ್ದು. ಇದು ಲ್ಯಾವೆಂಡರಿನ ತಪ್ಪಲ್ಲ, ತಯಾರಿಕೆಯ ತಪ್ಪು. ಆದರೆ ‘ನೈಸರ್ಗಿಕ’ ಎಂದ ಕೂಡಲೇ ಪ್ರಶ್ನೆ ಕೇಳುವುದನ್ನು ನಿಲ್ಲಿಸುವ ನಮ್ಮ ಅಭ್ಯಾಸಕ್ಕೆ ಈ ಉದಾಹರಣೆ ಸಾಕು.

ಆ ‘ನೈಸರ್ಗಿಕ’ವೂ ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡಿ. ಅಸಲಿ ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ. 10 ಮಿಲಿಲೀಟರಿಗೆ ಬರೀ ಎಣ್ಣೆಯ ಬೆಲೆಯೇ ಸಾವಿರದ ಆಸುಪಾಸು ಆಯಿತು. ಇನ್ನೂರು ರೂಪಾಯಿಗೆ ಸಿಗುವ ‘ಶುದ್ಧ ಶ್ರೀಗಂಧ’ದ ಸೀಸೆಯಲ್ಲಿ ಏನಿರಬಹುದು? ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು ಟನ್ನಿಗಿಂತ ಹೆಚ್ಚು ಹೂ ಬೇಕು. ಅಗ್ಗದ ಗುಲಾಬಿ ಸೀಸೆಗಳ ಒಳಗೆ ಆ ಹೂಗಳೆಲ್ಲ ಎಲ್ಲಿಂದ ಬಂದವು? ಸುಖದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಮೋಸವೇನೂ ಇಲ್ಲ. ಕಾರ್ಖಾನೆಯಲ್ಲಿ ಮಾಡಿದ ಪರಿಮಳ ನಿಮಗೆ ಹಿತವಾದರೆ ಅದು ಹಿತವೇ. ಔಷಧಿ ಎಂದು ಮಾರಿದಾಗ ಮಾತ್ರ ಅದೇ ವಸ್ತು ಕಲಬೆರಕೆಯಾಗುತ್ತದೆ.

ಸ್ಪಾಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಒಂದು ಗಂಟೆ ಫೋನು ಆಫ್, ಮಂದ ಬೆಳಕು, ಮೆಲುದನಿ, ಬೆನ್ನು ಹೆಗಲುಗಳ ಮೇಲೆ ಪಳಗಿದ ಎರಡು ಕೈಗಳು. ಇಷ್ಟಾದ ಮೇಲೆ ಮನಸ್ಸು ಹಗುರಾಗದಿದ್ದರೆ ಆಶ್ಚರ್ಯ. ಬಿಲ್ಲಿನಲ್ಲಿ ಕೀರ್ತಿಯೆಲ್ಲ ಎಣ್ಣೆಯ ಹೆಸರಿಗೆ ಹೋಗುತ್ತದೆ, ಕೈಯ ಹೆಸರು ಇರುವುದಿಲ್ಲ. ದಿನವಿಡೀ ಆ ಎಣ್ಣೆಗಳಲ್ಲಿ ಕೆಲಸ ಮಾಡುವವರ ಕೈಗೆ ಅಲರ್ಜಿಯ ತುರಿಕೆ ಹತ್ತುವುದು ಚರ್ಮವೈದ್ಯರಿಗೆ ಗೊತ್ತಿರುವ ಸಂಗತಿ. ಗಾಳಿಗೆ ತೆರೆದುಕೊಂಡು ಹಳತಾದ ಲಿನಾಲೂಲ್, ನಿಂಬೆ ಎಣ್ಣೆಯ ಲಿಮೊನೀನ್ ಚರ್ಮಕ್ಕೆ ಇನ್ನೂ ಕೆಟ್ಟದ್ದು. ನಮ್ಮ ಶಾಂತಿಯ ಖರ್ಚಿನಲ್ಲಿ ಇದೂ ಸೇರಬೇಕು.

ರಾತ್ರಿಯೆಲ್ಲ ಡಿಫ್ಯೂಸರ್ ಹಚ್ಚಿಡುವವರಿಗೆ ಇನ್ನೊಂದು ಸಂಗತಿ. ಮೂಗು ಯಾವ ವಾಸನೆಗೂ ಕೆಲವು ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ, ಆಮೇಲೆ ಗಮನಿಸುವುದೇ ಇಲ್ಲ. ಹೂವಿನ ಅಂಗಡಿಯವರಿಗೆ ಅವರ ಅಂಗಡಿಯ ಘಮ ತಿಳಿಯದು. ಮೂಗು ಬಿಟ್ಟುಬಿಟ್ಟ ಮೇಲೂ ಶ್ವಾಸಕೋಶ ಉಸಿರಾಡುತ್ತಲೇ ಇರುತ್ತದೆ. ಸುಖವೆಂದು ತಿಳಿದವರು ಐದು ನಿಮಿಷ ಅನುಭವಿಸಿ ನಿಲ್ಲಿಸುತ್ತಾರೆ, ಮದ್ದೆಂದು ತಿಳಿದವರು ಬೆಳಗಿನವರೆಗೆ ಡೋಸು ಮುಂದುವರಿಸುತ್ತಾರೆ. ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂಬ ಸ್ಥಿತಿಯಲ್ಲಿರುವವರು ಡೋಸು ಹೆಚ್ಚಿಸುವ ಬದಲು ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡುವುದು ಮೇಲು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಉಳಿಯುವ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ‘ನಂಬಿಕೆಯಿಂದ ಸುಖ ಹೆಚ್ಚುತ್ತದೆ. ಮದ್ದು ಎಂದು ನಂಬಿ ಮೂಸಿದಾಗ ನನಗೆ ನಿಜವಾಗಿಯೂ ಹಗುರವಾಗುತ್ತದೆ. ಆ ನಂಬಿಕೆಯನ್ನು ಕಿತ್ತುಕೊಂಡು ನೀವು ಸಾಧಿಸುವುದೇನು?’ ಎಂದು ಒಬ್ಬ ಓದುಗರು ಕೇಳಿದರೆ ತಳ್ಳಿಹಾಕುವಂತಿಲ್ಲ. ಓಹಾಯೊ ಅಧ್ಯಯನದ ಒಂದು ವಿವರವನ್ನು ನಾನು ಮೇಲೆ ಹೇಳದೆ ಉಳಿಸಿಕೊಂಡದ್ದು ಇದಕ್ಕಾಗಿಯೇ. ನಿಂಬೆಯಿಂದ ಮನಸ್ಸು ಹಗುರಾದದ್ದು, ಹಗುರಾಗುತ್ತದೆ ಎಂದು ಮೊದಲೇ ಕೇಳಿದ್ದವರಿಗೆ ಮಾತ್ರ ಅಲ್ಲ. ಏನೂ ಹೇಳಿರದವರಿಗೂ ಆಯಿತು, ಮೊದಲು ಈ ಎಣ್ಣೆಗಳನ್ನು ಬಳಸಿದ್ದವರಿಗೂ ಬಳಸದವರಿಗೂ ಆಯಿತು. ಅಂದರೆ ಆ ಸುಖಕ್ಕೆ ನಂಬಿಕೆಯ ಊರುಗೋಲು ಬೇಕಾಗಿರಲಿಲ್ಲ. ನಾನು ಕಿತ್ತುಕೊಳ್ಳುತ್ತಿರುವುದು ಲೇಬಲ್ಲನ್ನು ಮಾತ್ರ. ನಿಂಬೆಹಣ್ಣು ತರಕಾರಿ ಅಂಗಡಿಯಲ್ಲಿ ಸಿಗುತ್ತದೆ, ಸಿಪ್ಪೆಯನ್ನು ಉಗುರಿನಿಂದ ಗೀರಿದರೆ ಆಯಿತು. ನಿಂಬೆ ಒಗ್ಗದವರಿಗೆ ದವನವಿದೆ, ಮರುಗವಿದೆ. ಕರ್ನಾಟಕದಲ್ಲಿ ಬೆಳೆದ ದವನದ ಎಣ್ಣೆ ಪರದೇಶದ ಸೆಂಟು ತಯಾರಕರಿಗೆ ಹೋಗುತ್ತದೆ. ಅದೇ ದವನ ಇಲ್ಲಿ ಕನಕಾಂಬರದ ಜೊತೆ ದಂಡೆಗೆ ಸೇರಿ ಮೊಳದ ಲೆಕ್ಕದಲ್ಲಿ ಮಾರಾಟವಾಗುತ್ತದೆ.